ಎರಡು ಬಡಕಲು ಪೆಟ್ಟಿಗೆಗಿಂತ ಒಂದು ಗಟ್ಟಿ ಪೆಟ್ಟಿಗೆ

ಜೇನು ಸಾಕ್ತೀವಿ ಅಂದ್ರೆ ಕ್ಲಾಸಲ್ಲಿ ಎಲ್ಲರೂ ಕೇಳೋದು ಎರಡೇ ಪ್ರಶ್ನೆ: "ಎಷ್ಟು ತುಪ್ಪ ಬರತ್ತೆ?", "ಕಚ್ಚಲ್ವಾ?" ಆದರೆ ಸಾಕುವವರ ನಿದ್ದೆ ಕೆಡಿಸುವ ಪ್ರಶ್ನೆ ಬೇರೆ. ಪೆಟ್ಟಿಗೆಯಲ್ಲಿ ಹುಳ ದಿನೇ ದಿನೇ ಕಡಿಮೆ ಆಗ್ತಾ ಇದೆ, ಈಗ ಏನು ಮಾಡೋದು? ಈ ಲೇಖನ ಆ ಪ್ರಶ್ನೆ ಬಗ್ಗೆ.

ನಾವು ನಾಲ್ಕು ಜನ ಸ್ನೇಹಿತರು. ನಮ್ಮಲ್ಲೊಬ್ಬನ ಮನೆ ಪುತ್ತೂರಿನ ಕಡೆ. ಅಲ್ಲಿನ ಹಿತ್ತಲಲ್ಲಿ, ಅಡಿಕೆ ತೋಟದ ಅಂಚಿಗೆ ಜೇನು ಪೆಟ್ಟಿಗೆ ಇಟ್ಟಿದ್ದೇವೆ. ವಾರವಿಡೀ ನೋಡಿಕೊಳ್ಳೋದು ಅವನ ಅಜ್ಜ, ರಜೆ ಸಿಕ್ಕಾಗ ನಾವು. ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಅಜ್ಜನಿಂದ ಕಲಿತದ್ದು.

ಮೊದಲಿಗೆ, ನಮ್ಮ ಹುಳ ಯಾವುದು ಅಂತ ತಿಳಿದಿರಬೇಕು. ಕರಾವಳಿ, ಮಲೆನಾಡು, ಕೊಡಗಿನ ಹಿತ್ತಲುಗಳಲ್ಲಿ ಸಾಕೋದು ಹೆಚ್ಚಾಗಿ ತುಡುವೆ ಜೇನು. ಯೂಟ್ಯೂಬಿನ ವಿಡಿಯೋಗಳಲ್ಲಿ ಕಾಣೋದು ಬಹುಪಾಲು ಮೆಲ್ಲಿಫೆರಾ, ಅಂದರೆ ಯುರೋಪಿನ ಜೇನು. ಅಲ್ಲಿಯವರ ದೊಡ್ಡ ಶತ್ರು ವರೋವಾ ಎಂಬ ನುಸಿ. ಆದರೆ ಆ ನುಸಿಯ ಮೂಲ ಆಶ್ರಯವೇ ನಮ್ಮ ತುಡುವೆ. ತುಂಬಾ ಕಾಲ ಒಟ್ಟಿಗೆ ಬದುಕಿದ್ದರಿಂದ ನಮ್ಮ ಹುಳ ಅದನ್ನು ಬಹಳಷ್ಟು ಮಟ್ಟಿಗೆ ತಾನೇ ನಿಭಾಯಿಸತ್ತೆ. ತುಡುವೆಯ ತೊಂದರೆಗಳೇ ಬೇರೆ: ಮಳೆಗಾಲದ ಹಸಿವು, ಮೇಣದ ಹುಳು, ಇರುವೆ, ಮರಿಗಳಿಗೆ ಬರುವ ವೈರಸ್ ರೋಗ. ಇವೆಲ್ಲ ಮಿತಿಮೀರಿದರೆ ತುಡುವೆ ಗೂಡನ್ನೇ ಬಿಟ್ಟು ಹಾರಿಹೋಗತ್ತೆ.

ನಾವು ಬಳಸೋದು ನ್ಯೂಟನ್ ಪೆಟ್ಟಿಗೆ. ಸೇಬಿನ ನ್ಯೂಟನ್ ಅಲ್ಲ! 1910ರ ದಶಕದಲ್ಲಿ ದಕ್ಷಿಣ ಭಾರತದ ಹಳ್ಳಿಗರಿಗೆ ಜೇನು ಸಾಕೋದು ಕಲಿಸಿದ ಒಬ್ಬ ಪಾದ್ರಿಯ ಹೆಸರು ಅದು. ಕೆಳಗೆ ಮರಿಗಳಿರುವ ಸಂಸಾರ ಕೋಣೆ, ಮೇಲೆ ತುಪ್ಪದ ಕೋಣೆ.

ಬಡಕಲಾದ ಪೆಟ್ಟಿಗೆ ಇನ್ನಷ್ಟು ಬಡಕಲಾಗೋದು ಯಾಕೆ?

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಬೇಗ ಅರ್ಥ ಆಗತ್ತೆ. ಮರಿಗಳು ಸರಿಯಾಗಿ ಬೆಳೆಯೋಕೆ ಗೂಡಿನ ನಡುಭಾಗ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆ ಶಾಖ ಕೊಡೋದು ಕೆಲಸಗಾರ ಹುಳಗಳ ಮೈ. ಹುಳ ಕಡಿಮೆಯಾದರೆ ಇರುವವೆಲ್ಲ ಮರಿಗಳಿಗೆ ಕಾವು ಕೊಡೋದ್ರಲ್ಲಿ, ಬಾಗಿಲು ಕಾಯೋದ್ರಲ್ಲೇ ಮುಗಿದುಹೋಗ್ತವೆ. ಹೂವಿಗೆ ಹೋಗೋಕೆ ಯಾರೂ ಉಳಿಯಲ್ಲ. ಆಹಾರ ಬರದಿದ್ದರೆ ರಾಣಿ ಮೊಟ್ಟೆ ಇಡೋದು ಕಡಿಮೆ ಮಾಡತ್ತೆ. ಮೊಟ್ಟೆ ಕಡಿಮೆಯಾದರೆ ಮೂರು ವಾರದ ನಂತರ ಹುಳ ಮತ್ತೂ ಕಡಿಮೆ. ಕಾವಲಿಲ್ಲದ ಖಾಲಿ ಎರಿಗೆ ಮೇಣದ ಹುಳು ಬೀಳತ್ತೆ. ಇದೇ ಪಾಸಿಟಿವ್ ಫೀಡ್‌ಬ್ಯಾಕ್. ಹೆಸರಲ್ಲಿ ಮಾತ್ರ ಪಾಸಿಟಿವ್.

ಹಾಗಾಗಿ "ಸ್ವಲ್ಪ ದಿನ ನೋಡೋಣ, ತಾನೇ ಸರಿಹೋಗತ್ತೆ" ಅನ್ನೋದು ಹೆಚ್ಚಿನ ಸಲ ನಡೆಯಲ್ಲ. ಎಲ್ಲಾದರೂ ಒಂದು ಕಡೆ ಈ ಚಕ್ರವನ್ನು ತುಂಡು ಮಾಡಲೇಬೇಕು.

ಮೊದಲು ಕಾರಣ ಹುಡುಕಿ

"ಮಕ್ಕಳೇ, ಮೊದಲು ಕಣ್ಣು, ಆಮೇಲೆ ಕೈ" ಅಂತಾರೆ ಅಜ್ಜ. ಪೆಟ್ಟಿಗೆ ತೆರೆಯುವ ಮೊದಲು ಬಾಗಿಲ ಹತ್ತಿರ ಐದು ನಿಮಿಷ ಕೂತು ನೋಡಿ. ಹುಳಗಳು ಕಾಲಲ್ಲಿ ಪರಾಗದ ಉಂಡೆ ತರ್ತಾ ಇದ್ದರೆ ಒಳಗೆ ಮರಿಗಳಿರುವ ಸಾಧ್ಯತೆ ಹೆಚ್ಚು. ಆಮೇಲೆ, ಮಳೆ ಇಲ್ಲದ ಹೊತ್ತು ನೋಡಿ, ಬೇಗ ಬೇಗ ಒಂದೊಂದೇ ಫ್ರೇಮ್ ಎತ್ತಿ ಇಷ್ಟನ್ನು ಗಮನಿಸಿ.

ಮೊಟ್ಟೆ ಇದೆಯಾ? ಮೊಟ್ಟೆ ಮೂರು ದಿನದಲ್ಲಿ ಒಡೆದು ಮರಿಯಾಗತ್ತೆ. ಅಂದರೆ ಮೊಟ್ಟೆ ಕಂಡರೆ ಕಳೆದ ಮೂರು ದಿನದೊಳಗೆ ರಾಣಿ ಅಲ್ಲಿತ್ತು ಅಂತ ಅರ್ಥ, ರಾಣಿಯನ್ನೇ ಹುಡುಕಬೇಕಾಗಿಲ್ಲ. ಆದರೆ ಒಂದೇ ಕಣದಲ್ಲಿ ಮೂರು-ನಾಲ್ಕು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡ ಹಾಗೆ ಇದ್ದರೆ ರಾಣಿ ಹೋಗಿ ದಿನಗಳಾಗಿವೆ, ಕೆಲಸಗಾರ ಹುಳಗಳೇ ಮೊಟ್ಟೆ ಇಡ್ತಾ ಇವೆ. ಅವುಗಳಿಂದ ಗಂಡು ಜೇನು ಮಾತ್ರ ಹುಟ್ಟೋದು.

ಆಹಾರ ಇದೆಯಾ? ಎರಿಯ ಮೇಲಂಚಿನಲ್ಲಿ ಒಂದಿಷ್ಟಾದರೂ ತುಪ್ಪ ಇರಬೇಕು. ಇಲ್ಲದಿದ್ದರೆ ಅದು ಹಸಿದ ಕುಟುಂಬ.

ಎರಿಯಲ್ಲಿ ಬಲೆ ಕಟ್ಟಿದ ಹಾಗೆ ಇದೆಯಾ? ಅದು ಮೇಣದ ಹುಳು. ಹುಳ ಕೂರದ ಹಳೇ ಕಪ್ಪು ಎರಿ ತೆಗೆದುಬಿಡಿ, ತಳಹಲಗೆಯ ಕಸ ಗುಡಿಸಿ.

ಮರಿಗಳು ನೀರು ತುಂಬಿದ ಚೀಲದ ಹಾಗೆ ಆಗಿ, ತಲೆ ಮೇಲೆ ಮಾಡಿಕೊಂಡು ಸತ್ತಿವೆಯಾ? ಇದು ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಇರಬಹುದು. 1990ರ ದಶಕದ ಶುರುವಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಖಾಲಿ ಮಾಡಿದ್ದು ಇದೇ ರೋಗ. ಇದಕ್ಕೆ ನೇರ ಔಷಧಿ ಇಲ್ಲ. ಆ ಪೆಟ್ಟಿಗೆಯ ಫ್ರೇಮನ್ನು ಇನ್ನೊಂದಕ್ಕೆ ಹಾಕಬೇಡಿ, ಅದನ್ನು ಮುಟ್ಟಿದ ಕೈ ಮತ್ತು ಚಾಕು ತೊಳೆಯದೆ ಬೇರೆ ಪೆಟ್ಟಿಗೆ ತೆರೆಯಬೇಡಿ. ತೋಟಗಾರಿಕೆ ಇಲಾಖೆಯವರನ್ನೋ ಅನುಭವಿ ಕೃಷಿಕರನ್ನೋ ಕರೆದು ತೋರಿಸಿ.

ಮನೆ ಚಿಕ್ಕದು ಮಾಡಿ, ಊಟ ಕೊಡಿ

ರೋಗ ಇಲ್ಲ, ರಾಣಿ ಇದೆ, ಆದರೂ ಹುಳ ಕಡಿಮೆ ಅಂದರೆ ಮೊದಲ ಚಿಕಿತ್ಸೆಗೆ ಖರ್ಚೇ ಇಲ್ಲ. ತುಪ್ಪದ ಕೋಣೆ ತೆಗೆದಿಡಿ. ಕೆಳಗಡೆ ಹುಳ ತುಂಬಿರುವ ಎರಿಗಳನ್ನಷ್ಟೇ ಬಿಟ್ಟು, ಖಾಲಿ ಜಾಗಕ್ಕೆ ಅಡ್ಡ ಹಲಗೆ ಕೊಡಿ. ಬಾಗಿಲನ್ನು ಎರಡು-ಮೂರು ಹುಳ ಒಟ್ಟಿಗೆ ಹೋಗುವಷ್ಟು ಕಿರಿದು ಮಾಡಿ. ಬಿಸಿ ಮಾಡಬೇಕಾದ ಜಾಗವೂ ಕಾಯಬೇಕಾದ ಜಾಗವೂ ಕಡಿಮೆ ಆಗತ್ತೆ. ಇರುವೆ ಬರದ ಹಾಗೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೂವೂ ಕಡಿಮೆ, ಮಳೆಯಲ್ಲಿ ಹಾರೋಕೂ ಆಗಲ್ಲ. ಆಗ ಸಕ್ಕರೆ ಪಾಕ ಕೊಡಲೇಬೇಕು: ಒಂದು ಪಾಲು ಸಕ್ಕರೆ, ಒಂದು ಪಾಲು ನೀರು. ಒಂದು ಕುಟುಂಬಕ್ಕೆ ವಾರಕ್ಕೆ ಸುಮಾರು 200 ಗ್ರಾಂ ಸಕ್ಕರೆ. ಪಾಕವನ್ನು ಸಂಜೆ ಹೊತ್ತು, ಪೆಟ್ಟಿಗೆಯ ಒಳಗೇ ಇಡಿ. ಹುಳ ಮುಳುಗದ ಹಾಗೆ ಮೇಲೆ ಕಡ್ಡಿ ಹಾಕಿ. ಹಗಲಲ್ಲಿ ಹೊರಗೆ ಚೆಲ್ಲಿದರೆ ಬಲವಾದ ಪೆಟ್ಟಿಗೆಯ ಹುಳಗಳು ಬಂದು ಬಡಪಾಯಿ ಪೆಟ್ಟಿಗೆಯನ್ನೇ ದೋಚಿಬಿಡ್ತವೆ.

ಅದೂ ಸಾಲದಿದ್ದರೆ, ಕೂಡಿಸೋದು

ಕಳೆದ ಆಗಸ್ಟಿನಲ್ಲಿ ನಮ್ಮ ಒಂದು ಪೆಟ್ಟಿಗೆಯಲ್ಲಿ ಮೂರು ಎರಿ ಹುಳ, ಇನ್ನೊಂದರಲ್ಲಿ ಎರಡು ಎರಿಯೂ ತುಂಬದಷ್ಟು. ಎರಡಕ್ಕೂ ರೋಗ ಇರಲಿಲ್ಲ. ಎರಡನೆಯದರ ರಾಣಿ ಮುದಿಯಾಗಿತ್ತು, ಮರಿಗಳು ಅಲ್ಲೊಂದು ಇಲ್ಲೊಂದು ಚದುರಿಕೊಂಡಿದ್ದವು. ಕೂಡಿಸಬೇಕು ಅಂದರೆ ಒಂದು ರಾಣಿಯನ್ನು ತೆಗೆಯಬೇಕು. ನಮ್ಮಲ್ಲಿ ಇಬ್ಬರು ಬೇಡ ಅಂದರು. ಇಷ್ಟು ದಿನ ಪಾಕ ಕೊಟ್ಟು ಸಾಕಿದ್ದನ್ನು ನಾವೇ ಕೊಲ್ಲೋದಾ? ಅಜ್ಜ ಕೇಳಿದ್ದು ಇಷ್ಟೇ: "ರಾಣಿ ಉಳೀಬೇಕಾ, ಹುಳ ಉಳೀಬೇಕಾ?" ಕೊನೆಗೆ ಎಲ್ಲರೂ ಒಪ್ಪಿದೆವು. ಅಜ್ಜನೇ ತೆಗೆದರು.

ಕ್ರಮ ಹೀಗೆ. ಮೊದಲು ಎರಡು ಪೆಟ್ಟಿಗೆಗಳನ್ನು ದಿನಕ್ಕೆ ಎರಡು-ಮೂರು ಅಡಿಯಷ್ಟು ಹತ್ತಿರ ತರಬೇಕು. ಒಮ್ಮೆಗೇ ದೂರ ಎತ್ತಿಟ್ಟರೆ ಹೊರಗೆ ಹೋದ ಹುಳಗಳು ಹಳೇ ಜಾಗಕ್ಕೇ ವಾಪಸ್ ಹೋಗ್ತವೆ. ಬಡ ಕುಟುಂಬದ ರಾಣಿಯನ್ನು ತೆಗೆದು, ಮಾರನೇ ದಿನ ಸಂಜೆ, ರಾಣಿ ಇರುವ ಸಂಸಾರ ಕೋಣೆಯ ಮೇಲೆ ಒಂದು ಹಾಳೆ ನ್ಯೂಸ್‌ಪೇಪರ್ ಹಾಸಿ, ಸೂಜಿಯಲ್ಲಿ ಕೆಲವು ತೂತು ಮಾಡಿ, ಅದರ ಮೇಲೆ ರಾಣಿ ಇಲ್ಲದ ಕೋಣೆ ಇಡಬೇಕು. ಪ್ರತಿ ಕುಟುಂಬಕ್ಕೂ ತನ್ನದೇ ವಾಸನೆ ಇರತ್ತೆ, ನೇರವಾಗಿ ಸೇರಿಸಿದರೆ ಜಗಳ ಆಡಿ ಸಾಯ್ತವೆ. ಕಾಗದವನ್ನು ಕಡಿದು ಮುಗಿಸುವ ಹೊತ್ತಿಗೆ ಎರಡು ವಾಸನೆ ಬೆರೆತು ಒಂದಾಗಿರತ್ತೆ. ಮೂರು ದಿನದ ನಂತರ ನೋಡಿದಾಗ ಬಾಗಿಲಲ್ಲಿ ಕಾಗದದ ಚೂರುಗಳಿದ್ದವು, ಸತ್ತ ಹುಳ ಬೆರಳೆಣಿಕೆಯಷ್ಟು.

ಮಳೆ ಕಡಿಮೆಯಾಗಿ ಹೂ ಶುರುವಾದ ಮೇಲೆ ಆ ಒಂದೇ ಪೆಟ್ಟಿಗೆ ತುಂಬಿಕೊಂಡಿತು. ಹಾಗೆ ತುಂಬಿದ ಕುಟುಂಬವನ್ನು ಮುಂದೆ ಪಾಲು ಮಾಡಿ ಮತ್ತೆ ಎರಡು ಮಾಡಬಹುದು. ಸತ್ತ ಎರಡು ಕುಟುಂಬದಿಂದ ಏನನ್ನೂ ಪಾಲು ಮಾಡೋಕಾಗಲ್ಲ.

ನಿಮ್ಮ ಮನೆಯಲ್ಲೂ ಪೆಟ್ಟಿಗೆ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಪೆಟ್ಟಿಗೆ ಎಷ್ಟಿವೆ ಅಂತ ಲೆಕ್ಕ ಹಾಕಬೇಡಿ. ಹುಳ ತುಂಬಿದ ಎರಿ ಎಷ್ಟಿವೆ ಅಂತ ಎಣಿಸಿ.