ಅಡಿಕೆ ಅಟ್ಟದ ಖರ್ಚಿನ ಅಂದಾಜು

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ತೋಟಗಾರರು ಬೇಯಿಸಿದ ಅಡಿಕೆಯನ್ನು ಒಣಗಿಸಲು ಅಂಗಳದಲ್ಲಿ ಅಟ್ಟ ಕಟ್ಟುವುದು ರೂಢಿಯಾಗಿದೆ. ಕಂಬಗಳ ಮೇಲೆ ಅಡ್ಡತೊಲೆಗಳನ್ನಿಟ್ಟು, ಅಡಿಕೆಮರದ ದಬ್ಬೆಗಳನ್ನು ಹಾಸಿ, ಮೇಲೆ ಬಿದಿರುತಟ್ಟಿಗಳನ್ನು ಹರಡುವರು. ಕೊಯ್ಲಿನ ನಡುವೆ ಅಟ್ಟವು ಕುಸಿದರೆ ಅಡಿಕೆಯು ಮಣ್ಣುಗೂಡಿ, ಬೂಷ್ಟು ಹಿಡಿದು, ಬೆಲೆ ತಗ್ಗುವುದು. ಆದಕಾರಣ ಕಟ್ಟುವ ಖರ್ಚಿನೊಡನೆ ದುರಸ್ತಿಯ ಖರ್ಚನ್ನೂ ಮೊದಲೇ ಅಂದಾಜು ಮಾಡತಕ್ಕದ್ದು.

ಕಂಬ, ತೊಲೆ, ದಬ್ಬೆ, ತಟ್ಟಿ, ಕೂಲಿ ಇವುಗಳನ್ನು ಬೇರೆಬೇರೆಯಾಗಿ ಬರೆದು, ಒಂದೊಂದರ ಬೆಲೆಯನ್ನೂ ಅದು ಬಾಳುವ ವರ್ಷಗಳಿಂದ ಭಾಗಿಸಬೇಕು. ಉದಾಹರಣೆಗೆ, 4 ವರ್ಷ ಬಾಳುವ ಮರದ ಕಂಬಗಳಿಗೆ 4,000 ರೂಪಾಯಿ, 30 ವರ್ಷ ಬಾಳುವ ಕಲ್ಲುಕಂಬಗಳಿಗೆ 12,000 ರೂಪಾಯಿ ಎಂದಿಟ್ಟುಕೊಂಡರೆ, ವರ್ಷವೊಂದಕ್ಕೆ ಮರಕ್ಕೆ 1,000 ರೂಪಾಯಿಯೂ ಕಲ್ಲಿಗೆ 400 ರೂಪಾಯಿಯೂ ಬೀಳುವುದು. ಮರದ ಕಂಬವು ತೇವದಿಂದಲೂ ಗೆದ್ದಲಿನಿಂದಲೂ ನೆಲಮಟ್ಟದಲ್ಲಿಯೇ ಮೊದಲು ಕೆಡುವುದು.

ತೋಟದಲ್ಲಿ ಬಿದ್ದ ಮುದಿಮರಗಳನ್ನು ಸೀಳಿಸಿದರೆ ದಬ್ಬೆಗೆ ಕೂಲಿ ಮಾತ್ರವೇ ಖರ್ಚು; ಆದರೆ ಒಳಗಿನ ಮೆತ್ತನೆಯ ತಿರುಳನ್ನು ತೆಗೆಯದಿದ್ದಲ್ಲಿ ಅವು ಬೇಗನೆ ಕೊಳೆಯುವುವು. ಮುಂಗಾರಿಗೆ ಮುಂಚಿತವಾಗಿ ದಬ್ಬೆ, ತಟ್ಟಿಗಳನ್ನು ಬಿಚ್ಚಿ, ಬಿಸಿಲಿನಲ್ಲಿ ಒಣಗಿಸಿ, ಸೂರಿನಡಿಯಲ್ಲಿ ನೆಲಕ್ಕೆ ತಾಗದಂತೆ ಜೋಡಿಸಿಡಬೇಕು. ಕೊಯ್ಲಿಗೆ ಮುನ್ನ ಪರೀಕ್ಷಿಸಿ, ಸತ್ವವಿಲ್ಲದವುಗಳನ್ನು ಬದಲಿಸತಕ್ಕದ್ದು.

ಅಡಿಕೆ ಮಾರಿದ ಹಣದಲ್ಲಿ ವರ್ಷದ ಪಾಲನ್ನು ಆಗಲೇ ತೆಗೆದಿರಿಸಿದರೆ, ಕೊಯ್ಲಿನ ಹೊತ್ತಿಗೆ ಸಾಲಕ್ಕೆ ಅಲೆಯಬೇಕಾಗುವುದಿಲ್ಲ. ಗ್ರಾಮಮುಖಂಡರು ಈ ಲೆಕ್ಕವನ್ನು ಸಣ್ಣ ಹಿಡುವಳಿದಾರರಿಗೂ ತಿಳಿಸಿಕೊಡುವುದು ಉಚಿತವು.