ಸ್ಟ್ರೆಸ್ ಸೊನ್ನೆ ಬಂತಾ? ನಕ್ಷೆ ನೋಡಿ!

ದೊಡ್ಡಉಳ್ಳಾರ್ತಿ ಗ್ರಾಮದ ರೈತರಿಗೆ ಶೇಂಗಾ, ಈರುಳ್ಳಿ, ತೊಗರಿ, ನವಣೆ, ಸಜ್ಜೆ ಇವನ್ನು ಇಷ್ಟದ ಕ್ರಮದಲ್ಲಿ ಜೋಡಿಸಿ ಅಂತ ಕೇಳಿದಿರಿ ಅಂದುಕೊಳ್ಳಿ. ಬಹುಆಯಾಮದ ಅನ್‌ಫೋಲ್ಡಿಂಗ್ ಎಂಬ ಲೆಕ್ಕದ ವಿಧಾನ ಆ ಉತ್ತರಗಳಿಂದ ರೈತರನ್ನೂ ಬೆಳೆಗಳನ್ನೂ ಒಂದೇ ನಕ್ಷೆಯಲ್ಲಿ ಚುಕ್ಕಿಗಳಾಗಿ ಇಡುತ್ತದೆ. ಇಷ್ಟ ಹೆಚ್ಚಾದಷ್ಟೂ ದೂರ ಕಮ್ಮಿ.

ಸ್ಟ್ರೆಸ್, ಅಂದರೆ ತಪ್ಪಿನ ಅಳತೆ, ಸೊನ್ನೆಗೆ ಇಳಿಯಿತಾ? ಹಿಗ್ಗಬೇಡಿ. ರೈತರೆಲ್ಲ ನಡುವೆ ಒಂದೇ ಚುಕ್ಕಿಯಲ್ಲಿ, ಬೆಳೆಗಳೆಲ್ಲ ಸುತ್ತ ವೃತ್ತದಲ್ಲಿ ಕೂತಿದ್ದರೆ ಎಲ್ಲ ದೂರವೂ ಸಮ. ಶೇಂಗಾ ಮೊದಲು ಅಂದವರಿಗೂ ಕೊನೆಗೆ ಅಂದವರಿಗೂ ವ್ಯತ್ಯಾಸವೇ ಇಲ್ಲ! ಇದು ಹುಸಿ ಉತ್ತರ.

ಹಿಡಿಯೋದು ಹೇಗೆ? ದೂರಗಳ ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ. ಸೊನ್ನೆಯ ಹತ್ತಿರ ಬಂದರೆ ಅನುಮಾನಿಸಿ. ಹೀಗೆ ವ್ಯತ್ಯಾಸ ಅಳಿಸಿದರೆ ದಂಡ ಹಾಕುವ ವಿಧಾನವನ್ನು ಸಂಶೋಧಕರಾದ ಬುಸಿಂಗ್, ಗ್ರೋನೆನ್, ಹೈಸರ್ 2005ರಲ್ಲಿ ಪ್ರಕಟಿಸಿದರು. ಅದನ್ನು ಬಳಸಿ, ಮತ್ತೆ ಲೆಕ್ಕ ಹಾಕಿ. ರೈತರು ಹೇಳಿದ್ದು ನಕ್ಷೆಯಲ್ಲಿ ಕಾಣಲೇಬೇಕು.