ರಾತ್ರಿ 2.10ಕ್ಕೆ ಸರ್ವರ್‌ಗೆ ಬಂದವರು ಯಾರು?

‘ಲಿನಕ್ಸ್ ಗೊತ್ತು’ ಎಂದು ರೆಸ್ಯೂಮೆಯಲ್ಲಿ ಬರೆಯದ ಬಿಸಿಎ, ಡಿಪ್ಲೊಮಾ ಹುಡುಗರು ಈಗ ಸಿಗುವುದು ಕಷ್ಟ. ಸಂದರ್ಶನದಲ್ಲಿ ಅವರನ್ನು ‘ನಿಮ್ಮ ಸರ್ವರ್‌ನೊಳಗೆ ಈಗ ಯಾರಿದ್ದಾರೆ, ನಿನ್ನೆ ರಾತ್ರಿ ಯಾರು ಬಂದು ಹೋದರು?’ ಎಂದು ಕೇಳಿ ನೋಡಿ. ಹೆಚ್ಚಿನವರು ‘ಹೂ’, ‘ಲಾಸ್ಟ್’ ಎಂಬ ಎರಡು ಕಮಾಂಡ್ ಹೇಳಿ ನಿಲ್ಲಿಸುತ್ತಾರೆ. ಆ ಎರಡನ್ನೇ ನಂಬಿ ಕುಳಿತರೆ ಒಬ್ಬ ಅಮಾಯಕನ ಹೊಟ್ಟೆಪಾಡಿಗೆ ಕುತ್ತು ಬರಬಹುದು. ನನ್ನ ಮೊದಲ ಕೆಲಸದಲ್ಲೇ ಅದನ್ನು ಕಂಡೆ.

ದೂರದ ಕಂಪ್ಯೂಟರ್‌ಗೆ ಕುಳಿತಲ್ಲಿಂದಲೇ ಆಜ್ಞೆ ಕೊಡುವ ದಾರಿ ಎಸ್‌ಎಸ್‌ಎಚ್, ಅಂದರೆ ಸೆಕ್ಯೂರ್ ಶೆಲ್. ಅದಕ್ಕೂ ಮೊದಲು ಟೆಲ್ನೆಟ್ ಇತ್ತು. ಅದರಲ್ಲಿ ಪಾಸ್‌ವರ್ಡ್ ಅಂಚೆ ಕಾರ್ಡಿನಲ್ಲಿ ಬರೆದ ಗುಟ್ಟಿನಂತೆ ಎಲ್ಲರಿಗೂ ಕಾಣುವ ಹಾಗೆ ಹೋಗುತ್ತಿತ್ತು. 1995ರಲ್ಲಿ ಫಿನ್ಲೆಂಡ್‌ನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಹೀಗೆ ಪಾಸ್‌ವರ್ಡ್ ಕಳವಾದ ಮೇಲೆ ಅಲ್ಲಿನ ಟಾಟು ಯುಲೊನೆನ್ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯ 21, ಟೆಲ್ನೆಟ್‌ನ 23ರ ನಡುವೆ ಇದ್ದ 22ನೇ ಪೋರ್ಟ್ ಅದರ ಪಾಲಿಗೆ ಬಂತು.

ಬಂದವರ ಮೇಲೆ ಕಣ್ಣಿಡುವ ವಿದ್ಯೆ ಇದಕ್ಕಿಂತ ಹಳೆಯದು. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಕೆಯ ಲೆಕ್ಕ 75 ಸೆಂಟ್ಸ್ ತಾಳೆಯಾಗಲಿಲ್ಲ. ಖಗೋಳಶಾಸ್ತ್ರ ಓದಿದ್ದ ಕ್ಲಿಫರ್ಡ್ ಸ್ಟಾಲ್ ಅದರ ಬೆನ್ನು ಹತ್ತಿದರು. ಸಹೋದ್ಯೋಗಿಗಳ ಮೇಜಿನಿಂದ ಪ್ರಿಂಟರ್, ಟರ್ಮಿನಲ್‌ಗಳನ್ನು ಎತ್ತಿಕೊಂಡು ಬಂದು ಹೊರಗಿನಿಂದ ಬರುವ ಲೈನ್‌ಗಳಿಗೆ ಜೋಡಿಸಿದರು. ಕಳ್ಳ ಬಂದರೆ ಪೇಜರ್ ಕೂಗುವಂತೆ ಮಾಡಿಕೊಂಡರು. ಕೊನೆಗೆ ಸಿಕ್ಕಿಬಿದ್ದವನು ಜರ್ಮನಿಯ ಹ್ಯಾನೋವರ್‌ನಲ್ಲಿದ್ದ ಮಾರ್ಕಸ್ ಹೆಸ್. ಇಂದು ನಾವು ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್‌ನಲ್ಲಿ ಮಾಡುವುದೂ ಅದನ್ನೇ, ಪ್ರಿಂಟರ್ ಹೊರುವ ಕಷ್ಟವೊಂದಿಲ್ಲ.

ನಾನು ಸೇರಿದ್ದು ಒಂದು ಸಣ್ಣ ಕಂಪನಿ. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಹುಡುಗ ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಅವನ ಅನುಭವ ಪತ್ರವನ್ನು ಮಾಲೀಕರು ತಡೆಹಿಡಿದಿದ್ದರು. ಕಾರಣ ಸರ್ವರ್‌ನ ಲಾಗ್. ಪ್ರತಿ ರಾತ್ರಿ ಯಾರೋ ಒಳಗೆ ಬಂದು ಹೋಗುತ್ತಿದ್ದರು. ಬಂದ ವಿಳಾಸ ನಮ್ಮದೇ ಊರಿನ ಬ್ರಾಡ್‌ಬ್ಯಾಂಡ್‌ನದು. ಎಲ್ಲರೂ ಒಂದೇ ಯೂಸರ್ ಹೆಸರು ಬಳಸುತ್ತಿದ್ದುದರಿಂದ ಇಂಥವರೇ ಎನ್ನುವಂತಿರಲಿಲ್ಲ. ‘ಲಾಸ್ಟ್’ ಕಮಾಂಡ್ ಕೊಟ್ಟರೆ ಆ ಭೇಟಿಯ ಸುಳಿವೇ ಇಲ್ಲ! ‘ನೋಡಿ, ಕುರುಹು ಅಳಿಸಿ ಹೋಗಿದ್ದಾನೆ. ಗೊತ್ತಿದ್ದವನದೇ ಕೆಲಸ’ ಎಂದರು ಮಾಲೀಕರು. ಮಾಹಿತಿ ತಂತ್ರಜ್ಞಾನ ಕಾಯ್ದೆ–2000ರ 66ನೇ ಸೆಕ್ಷನ್ ಅಡಿ ದೂರು ಕೊಡುವ ಮಾತೂ ಬಂದಿತ್ತು. ಅವನನ್ನು ಹಿಡಿಯುವ ಸ್ಕ್ರಿಪ್ಟ್ ಬರೆಯುವುದು ನನಗೆ ವಹಿಸಿದ ಮೊದಲ ಕೆಲಸ.

ಲಿನಕ್ಸ್‌ನಲ್ಲಿ ಲಾಗಿನ್‌ಗಳನ್ನು ನೋಡಿಕೊಳ್ಳುವ ‘ಪ್ಯಾಮ್’ ಎಂಬ ವ್ಯವಸ್ಥೆ ಇದೆ. ಅದರ ಎಸ್‌ಎಸ್‌ಎಚ್ ಫೈಲ್‌ನಲ್ಲಿ ಒಂದು ಸಾಲು ಸೇರಿಸಿದರೆ ಯಾರೇ ಬಂದರೂ, ಹೋದರೂ ನಮ್ಮ ಸ್ಕ್ರಿಪ್ಟ್ ತಾನಾಗಿ ಓಡುತ್ತದೆ. ಯೂಸರ್ ಹೆಸರು, ಬಂದ ವಿಳಾಸ, ಬಂದದ್ದೋ ಹೋದದ್ದೋ ಎಂಬ ಮೂರನ್ನೂ ಅದರ ಕೈಗೆ ಕೊಡುತ್ತದೆ. ನಾನು ಅದಕ್ಕೆ ಸಮಯ ಸೇರಿಸಿ ಒಂದು ಫೈಲ್‌ಗೆ ಬರೆಸಿದೆ, ಮೊಬೈಲ್‌ಗೆ ಮೆಸೇಜ್ ಬರುವಂತೆ ಮಾಡಿದೆ. ಒಂದು ವಾರ ನಿದ್ದೆ ಕೆಟ್ಟಿತು ನಿಜ.

ವಾರದ ಪಟ್ಟಿಯನ್ನು ಎದುರಿಗಿಟ್ಟುಕೊಂಡಾಗ ಅನುಮಾನ ಬೇರೆ ಕಡೆ ತಿರುಗಿತು. ಸರ್ವರ್ ಗಡಿಯಾರ ಯುಟಿಸಿಯಲ್ಲಿತ್ತು. ಅಲ್ಲಿ 20.40 ಎಂದರೆ ನಮಗೆ ರಾತ್ರಿ 2.10. ಏಳು ರಾತ್ರಿಯೂ ಅದೇ ನಿಮಿಷ, ಪ್ರತಿ ಸಲವೂ ಒಂದು ನಿಮಿಷದೊಳಗೆ ವಾಪಸ್. ಮನುಷ್ಯ ಕದಿಯಲು ಬಂದರೆ ಒಂದು ದಿನವಾದರೂ ತಡವಾಗುತ್ತದಲ್ಲ? ‘ಲಾಸ್ಟ್’ನಲ್ಲಿ ಕಾಣದ್ದಕ್ಕೂ ಉತ್ತರ ಸಿಕ್ಕಿತು. ಪರದೆಯ ಮುಂದೆ ಕುಳಿತು ಟೈಪ್ ಮಾಡುವವರಿಗೆ ಸರ್ವರ್ ಒಂದು ಟರ್ಮಿನಲ್ ಕೊಡುತ್ತದೆ. ಆಗ ಮಾತ್ರ ಎಸ್‌ಎಸ್‌ಎಚ್ ಆ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುತ್ತದೆ. ಫೈಲ್ ಕಳಿಸಿ ಹೋಗುವ ಯಂತ್ರಕ್ಕೆ ಟರ್ಮಿನಲ್ ಬೇಡ, ಹಾಗಾಗಿ ಹಾಜರಿಯೂ ಇಲ್ಲ. ಯಾರೂ ಏನನ್ನೂ ಅಳಿಸಿರಲಿಲ್ಲ.

ಉಳಿದದ್ದು ಕೀಲಿಯ ಪ್ರಶ್ನೆ. ಪಾಸ್‌ವರ್ಡ್ ಬದಲು ಕೀ ಬಳಸಿ ಬಂದರೆ ಅದರ ಬೆರಳಚ್ಚು ‘ಆತ್ ಲಾಗ್’ನಲ್ಲಿ ದಾಖಲಾಗುತ್ತದೆ. ಯಾವ ಯಾವ ಕೀಲಿಗೆ ಪ್ರವೇಶವಿದೆ ಎಂಬ ಪಟ್ಟಿ ಸರ್ವರ್‌ನಲ್ಲೇ ಇರುತ್ತದೆ, ‘ಎಸ್‌ಎಸ್‌ಎಚ್ ಕೀಜೆನ್’ ಕಮಾಂಡ್‌ನಿಂದ ಅವುಗಳ ಬೆರಳಚ್ಚನ್ನೂ ತೆಗೆಯಬಹುದು. ಎರಡನ್ನೂ ಹೋಲಿಸಿದೆ. ಆ ಹುಡುಗನ ಕೀ ಪಟ್ಟಿಯಲ್ಲಿ ಇನ್ನೂ ಇತ್ತು (ಕೆಲಸ ಬಿಟ್ಟ ದಿನವೇ ತೆಗೆಯಬೇಕಿತ್ತು, ಯಾರೂ ತೆಗೆದಿರಲಿಲ್ಲ). ಆದರೆ ರಾತ್ರಿ ಬರುತ್ತಿದ್ದ ಕೀ ಅದಲ್ಲ. ಅದರ ಕೊನೆಯಲ್ಲಿದ್ದ ಟಿಪ್ಪಣಿ ಗೋದಾಮಿನ ಹಳೆಯ ಕಂಪ್ಯೂಟರ್‌ನದು. ಅಲ್ಲಿಗೆ ಹೋಗಿ ನೋಡಿದರೆ ದೂಳು ಹಿಡಿದ ಡೆಸ್ಕ್‌ಟಾಪ್ ಒಂದು ಯುಪಿಎಸ್ ಮೇಲೆ ಗುಂಯ್‌ಗುಡುತ್ತಿತ್ತು. ಯಾವ ಕಾಲದಲ್ಲೋ ಯಾರೋ ಕ್ರಾನ್‌ನಲ್ಲಿ ಹಾಕಿಟ್ಟ ಬ್ಯಾಕಪ್! ಸ್ಟಾಕ್ ಲೆಕ್ಕವನ್ನು ನಿಷ್ಠೆಯಿಂದ ಪ್ರತಿ ರಾತ್ರಿ ಕಳಿಸುತ್ತಿತ್ತು. ಆ ವಾರವೇ ಹುಡುಗನಿಗೆ ಅನುಭವ ಪತ್ರ ಹೋಯಿತು. ಕ್ಷಮೆ ಕೇಳಿದರೋ ಇಲ್ಲವೋ, ನನಗೆ ಕಾಣಲಿಲ್ಲ.

ಬಂದವರನ್ನು ಪತ್ತೆ ಮಾಡುವುದು, ಸಂಪರ್ಕವನ್ನು ಯಂತ್ರಕ್ಕೆ ಒಪ್ಪಿಸುವುದು ಎರಡೂ ಒಂದೇ ಪಾಠದ ಎರಡು ಪುಟಗಳು. ನೀವು ಬ್ಯಾಕಪ್ ಸ್ಕ್ರಿಪ್ಟ್ ಬರೆಯುವುದಾದರೆ ಯಂತ್ರಕ್ಕೆಂದೇ ಬೇರೆ ಯೂಸರ್, ಬೇರೆ ಕೀ ಕೊಡಿ. ಸರ್ವರ್‌ನ ಪಟ್ಟಿಯಲ್ಲಿ ಆ ಕೀಲಿಯ ಮುಂದೆಯೇ ‘ಈ ಒಂದು ಕಮಾಂಡ್ ಮಾತ್ರ’ ಎಂದು ಕಟ್ಟಿಹಾಕಲು ಬರುತ್ತದೆ. ಬ್ಯಾಚ್‌ಮೋಡ್ ಆನ್ ಮಾಡಿ, ಇಲ್ಲವಾದರೆ ಕೀ ಕೆಲಸ ಮಾಡದ ದಿನ ಸ್ಕ್ರಿಪ್ಟ್ ಪಾಸ್‌ವರ್ಡ್ ಕೇಳುತ್ತಾ ಬೆಳಗಿನವರೆಗೂ ನಿಂತಿರಬಹುದು. ಸರ್ವರ್‌ನ ಗುರುತು ಪರೀಕ್ಷಿಸುವುದನ್ನೇ ಆಫ್ ಮಾಡಿ ಎಂದು ಸಲಹೆ ಕೊಡುವ ವಿಡಿಯೊಗಳಿವೆ. ನನಗಂತೂ ಅದು ಬಾಗಿಲು ತಟ್ಟಿದವರು ಯಾರೆಂದು ಕೇಳದೆ ಚಿಲಕ ತೆಗೆದಂತೆ ಕಾಣುತ್ತದೆ. ಇನ್ನೊಂದು ಚಿಕ್ಕ ಸಂಗತಿ: ಲಾಗಿನ್ ಆದಾಗ ‘ಸ್ವಾಗತ’ ಎಂದು ತೋರಿಸುವ ಸಾಲನ್ನು ಬ್ಯಾಶ್‌ ಆರ್‌ಸಿ ಫೈಲ್‌ಗೆ ಹಾಕುವ ಶೋಕಿ ಹಲವರಿಗಿದೆ. ಯಂತ್ರ ಬಂದಾಗಲೂ ಅದು ‘ಸ್ವಾಗತ’ ಎನ್ನುತ್ತದೆ, ಫೈಲ್ ವರ್ಗಾವಣೆ ಅಲ್ಲೇ ಕೆಡುತ್ತದೆ. ಟರ್ಮಿನಲ್ ಇದ್ದರೆ ಮಾತ್ರ ತೋರಿಸು ಎಂಬ ಷರತ್ತು ಸೇರಿಸಿದರೆ ಸಾಕು.

ಇದನ್ನೆಲ್ಲ ಕಲಿಯಲು ಕೋರ್ಸ್ ಫೀಸು ಬೇಕಿಲ್ಲ. ಒಂದು ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ ಎರಡು ಉಬುಂಟು ಯಂತ್ರ ಎಬ್ಬಿಸಿದರಾಯಿತು. ಒಂದರಿಂದ ಇನ್ನೊಂದಕ್ಕೆ ಒಮ್ಮೆ ನೀವು ಲಾಗಿನ್ ಆಗಿ, ಒಮ್ಮೆ ಕ್ರಾನ್‌ನಿಂದ ಮಾಡಿಸಿ. ಎರಡರ ಜಾಡೂ ಎಲ್ಲೆಲ್ಲಿ ಬೀಳುತ್ತದೆ ನೋಡಿ. ಪ್ಯಾಮ್‌ನ ಆ ಸಾಲಿನಲ್ಲಿ ‘ರಿಕ್ವೈರ್ಡ್’ ಬದಲು ‘ಆಪ್ಷನಲ್’ ಎಂದು ಬರೆಯಿರಿ. ಫೈಲ್ ತಿದ್ದುವಾಗ ಲಾಗಿನ್ ಆಗಿರುವ ಇನ್ನೊಂದು ವಿಂಡೊ ತೆರೆದೇ ಇರಲಿ. ಬಾಗಿಲು ಮುಚ್ಚಿಕೊಂಡರೂ ಆ ಕಿಟಕಿಯಿಂದ ಸರಿಪಡಿಸಬಹುದು.